ದೇಶಾಂತರದ ವಿದ್ಯೆಯೂ ಮನೆಯ ಋಣವೂ

ವಿದ್ಯಾರ್ಥಿಯು ಉಚ್ಚ ಶಿಕ್ಷಣಕ್ಕಾಗಿ ಯಾವ ಊರಿಗೆ ಹೋಗಬೇಕೆಂಬುದು ನೂರಿಪ್ಪತ್ತು ವರುಷಗಳ ಹಿಂದೆ ಗದಗ ಸೀಮೆಯ ಮನೆಗಳಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಮ್ಯಾಟ್ರಿಕ್ ಪರೀಕ್ಷೆ ಮುಗಿಸಿದವನ ಮುಂದೆ ಪುಣೆ, ಮುಂಬಯಿಗಳ ಕಡೆಗೆ ಹೋಗುವ ರೇಲ್ವೆ ದಾರಿಯೊಂದೇ ಇದ್ದಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗುವ ವರೆಗೆ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ತರುಣನು ಬಿ.ಎ. ಆಗಬೇಕಾದರೆ ಕನ್ನಡದ ಗಡಿಯನ್ನು ದಾಟಲೇಬೇಕಾಗಿತ್ತು. ಹಣವಿದ್ದವನು ಹೋದನು, ಇಲ್ಲದವನು ಶಾಲಾಮಾಸ್ತರನೋ ಕಾರಕೂನನೋ ಆಗಿ ಊರಲ್ಲಿ ಉಳಿದನು. ಆಯ್ಕೆಯೇ ಇಲ್ಲದ ಕಡೆಯಲ್ಲಿ ಆಯ್ಕೆಯ ಧರ್ಮಾಧರ್ಮಗಳ ವಿಚಾರಕ್ಕೂ ಅವಕಾಶವಿರುವದಿಲ್ಲ.

ಈಗಿನ ಸ್ಥಿತಿಯು ಬೇರೆ. ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಓದು ಮುಗಿಸುವ ಹುಡುಗ ಹುಡುಗಿಯರು ಹದಿನೆಂಟು ತುಂಬುವಷ್ಟರಲ್ಲಿ ನಾಲ್ಕಾರು ದೇಶಗಳ ವಿದ್ಯಾಪೀಠಗಳಿಗೆ ಒಮ್ಮೆಲೆ ಅರ್ಜಿ ಹಾಕಿರುತ್ತಾರೆ. ಅವರಲ್ಲಿ ಅನೇಕರು ಪಡೆಯುವ ಅಂತರರಾಷ್ಟ್ರೀಯ ಬಕಲೋರಿಯಾ ಎಂಬ ಪ್ರಮಾಣಪತ್ರವು ಹುಟ್ಟಿಕೊಂಡದ್ದೇ ಇದಕ್ಕಾಗಿ. ತಂದೆತಾಯಿಗಳ ರಾಯಭಾರದ ಉದ್ಯೋಗದಿಂದ ದೇಶದೇಶಗಳಲ್ಲಿ ಅಲೆಯಬೇಕಾಗುವ ಮಕ್ಕಳ ಓದು ನಡುವೆ ಕೆಡಬಾರದೆಂದು, ಬಹುದೇಶಗಳ ವಿದ್ಯಾಪೀಠಗಳು ಒಪ್ಪುವಂಥ ಒಂದು ಪರೀಕ್ಷೆಯನ್ನು 1968ರಲ್ಲಿ ಜಿನೀವಾ ನಗರದಲ್ಲಿ ಸ್ಥಾಪಿತವಾದ ಸಂಸ್ಥೆಯು ಏರ್ಪಡಿಸಿತು. ರಾಯಭಾರಿಗಳ ಮಕ್ಕಳಿಗೆಂದು ಮಾಡಿದ ಆ ಏರ್ಪಾಡು ಇಂದು ಶ್ರೀಮಂತ ವ್ಯಾಪಾರಿಗಳ ಮತ್ತು ದೊಡ್ಡ ಸಂಬಳದ ನೌಕರರ ಮಕ್ಕಳದಾಗಿದೆ. ಅವರ ಮುಂದೆ ಭೂಗೋಲವೇ ಒಂದು ಅಂಗಡಿಯಂತೆ ತೆರೆದಿದೆ.

ಈ ಗಾಳಿಯು ಬೆಂಗಳೂರಿನಲ್ಲಿಯೇ ನಿಂತಿದ್ದರೆ ಇಲ್ಲಿ ಅದರ ವಿಚಾರವನ್ನು ಎತ್ತಬೇಕಾಗಿರಲಿಲ್ಲ. 2024ರಲ್ಲಿ ಭಾರತ ಸರಕಾರವು ಹೇಳಿದ ಲೆಕ್ಕದಂತೆ ಹೊರದೇಶಗಳಲ್ಲಿ ಕಲಿಯುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆಯು 13 ಲಕ್ಷವನ್ನು ಮೀರಿತ್ತು. 2023-24ರ ಶೈಕ್ಷಣಿಕ ವರುಷದಲ್ಲಿ ಅಮೇರಿಕೆಯೊಂದರಲ್ಲಿಯೇ 3,31,602 ಜನರಿದ್ದರು. ಇಷ್ಟೂ ಜನರು ಅಂತರರಾಷ್ಟ್ರೀಯ ಶಾಲೆಗಳಿಂದ ಬಂದವರಲ್ಲವೆಂಬುದು ಸ್ಪಷ್ಟವೇ ಇದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಹುಬ್ಬಳ್ಳಿಯಲ್ಲಿಯೋ ಬೆಳಗಾವಿಯಲ್ಲಿಯೋ ಇಂಜಿನಿಯರಿಂಗ್ ಪದವಿ ಪಡೆದು, ಅನಂತರ ಸಮುದ್ರದಾಚೆಗೆ ಕಣ್ಣು ಹಾಯಿಸಿದವರೂ ಅವರಲ್ಲಿದ್ದಾರೆ. ಶ್ರೀಮಂತನ ಆಯ್ಕೆಯು ತಪ್ಪಿದರೆ ಒಂದು ವರುಷ ಹೋಗುತ್ತದೆ. ಇವರ ಆಯ್ಕೆಯು ತಪ್ಪಿದರೆ ಒಂದು ಮನೆಯೇ ಹೋಗುತ್ತದೆ. ಆದಕಾರಣ ನೀತಿಯ ಪ್ರಶ್ನೆಯು ನಿಜವಾಗಿ ಏಳುವದು ಇವರ ಪಡಸಾಲೆಯಲ್ಲಿ.

ಗದಗ ತಾಲೂಕಿನ ಹಿರೇಹಂದಿಗೋಳದಂಥ ಊರಿನಲ್ಲಿ ಒಂದು ಒಕ್ಕಲು ಮನೆಯನ್ನು ಭಾವಿಸಿಕೊಳ್ಳೋಣ. ಎಂಟು ಎಕರೆ ಎರೆಹೊಲ; ಮಳೆಯನ್ನೇ ನಂಬಿದ ಬೇಸಾಯ; ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಮಗನು ಇಂಜಿನಿಯರನಾಗಿದ್ದಾನೆ. ಮಗಳು ಗದಗಿನಲ್ಲಿ ಬಿ.ಎಸ್‌ಸಿ. ಮುಗಿಸುತ್ತಿದ್ದಾಳೆ. ಮಗನಿಗೆ ಹೊರದೇಶದ ಎಂ.ಎಸ್. ಪದವಿಯಾಗಬೇಕು. ಪೇಟೆಯ ದಲಾಲನೊಬ್ಬನು ಒಂದು ಪಟ್ಟಿಯನ್ನು ಕೊಟ್ಟಿದ್ದಾನೆ. ಪಟ್ಟಿಯ ಮೊದಲ ಅಂಕಣದಲ್ಲಿ ದೇಶ, ಎರಡನೆಯದರಲ್ಲಿ ಶುಲ್ಕ, ಮೂರನೆಯದರಲ್ಲಿ ಓದು ಮುಗಿದ ಮೇಲೆ ಅಲ್ಲಿ ಎಷ್ಟು ವರುಷ ದುಡಿಯಬಹುದೆಂಬುದು, ನಾಲ್ಕನೆಯದರಲ್ಲಿ ಖಾಯಂ ವಾಸದ ಸಾಧ್ಯತೆ. ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ ಎಂಬುದಕ್ಕೆ ಅಂಕಣವಿಲ್ಲ. ಇಂಥ ಮನೆಯು ಈ ಸೀಮೆಯಲ್ಲಿ ಒಂದೇ ಅಲ್ಲ. ಓದುಗರಲ್ಲಿ ಕೆಲವರಿಗೆ ಆ ಪಟ್ಟಿಯೂ ಪರಿಚಯದ್ದೇ ಆಗಿರಬಹುದು.

ಈ ಮನೆಯ ಮುಂದಿರುವ ಪ್ರಶ್ನೆಯನ್ನು ಹಿರಿಯರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೇಳುತ್ತಾರೆ: ಹೋಗಬೇಕೋ ಬೇಡವೋ, ಮತ್ತು ಹೋದವನು ತಿರುಗಿ ಬರಬೇಕೋ ಬೇಡವೋ. ಇವೆರಡರಲ್ಲಿ ಮೊದಲನೆಯದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಸಮುದ್ರಯಾನವು ದೋಷವೆಂದೂ ಪ್ರಾಯಶ್ಚಿತ್ತವಿಲ್ಲದೆ ಪಂಕ್ತಿಗೆ ಸೇರಿಸಕೂಡದೆಂದೂ ವಾದಿಸುತ್ತಿದ್ದ ಕಾಲವು ಹೋಯಿತು. ದೇಶ ಸುತ್ತು, ಕೋಶ ಓದು ಎಂಬ ಗಾದೆಯು ಅದಕ್ಕಿಂತ ಮೊದಲೂ ಇತ್ತು, ಆಮೇಲೂ ಉಳಿಯಿತು.

ಹೊರಗೆ ಹೋಗುವದರಿಂದ ನಾಡಿನ ಅಭಿಮಾನವು ಕರಗುವದೆಂಬ ಅಂಜಿಕೆಗೆ ಗದಗವೇ ಉತ್ತರ ಕೊಟ್ಟಿದೆ. ಹುಯಿಲಗೋಳ ನಾರಾಯಣರಾಯರು (1884-1971) ಗದಗಿನಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತು, ವಕೀಲರಾಗಿ ಗದಗಕ್ಕೇ ಮರಳಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲ್ಪಟ್ಟ ನಾಡಗೀತೆಯು ಅವರದು. ಆಲೂರ ವೆಂಕಟರಾಯರೂ ಅದೇ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ದ.ರಾ. ಬೇಂದ್ರೆಯವರೂ ಅಲ್ಲಿಯೇ. ಕರ್ನಾಟಕದ ಏಕೀಕರಣವನ್ನು ಕನಸಿನಲ್ಲಿ ಕಂಡವರೂ ಅದನ್ನು ಹಾಡಿದವರೂ ಹೀಗೆ ಮರಾಠೀ ಊರಿನಲ್ಲಿ ಓದಿ ಬಂದವರಾದುದು ಆಕಸ್ಮಿಕವೆನ್ನುವಂತಿಲ್ಲ. ಮರಾಠಿಗರು ತಮ್ಮ ಭಾಷೆಯನ್ನೂ ಇತಿಹಾಸವನ್ನೂ ಎತ್ತಿ ಹಿಡಿದುದನ್ನು ಆ ತರುಣರು ಪ್ರತಿನಿತ್ಯ ಕಣ್ಣಾರೆ ಕಂಡರು. ತಮ್ಮದು ಏನಿದೆಯೆಂದು ತಮ್ಮನ್ನೇ ಕೇಳಿಕೊಳ್ಳುವ ಪ್ರಸಂಗವು ಬಂದಿತು. ಧಾರವಾಡದಲ್ಲಿಯೇ ಕಾಲೇಜಿದ್ದಿದ್ದರೆ ಆ ಪ್ರಶ್ನೆಯು ಅಷ್ಟು ಬೇಗ ಹುಟ್ಟುತ್ತಿತ್ತೋ ಇಲ್ಲವೋ! ವಿ.ಕೃ. ಗೋಕಾಕರು 1930ರ ದಶಕದ ಕಡೆಯಲ್ಲಿ ಆಕ್ಸ್‌ಫರ್ಡಿಗೆ ಹೋದಾಗಲೂ ನಡೆದುದು ಇದೇ. ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗ ಪಡೆದು ಬಂದವರು ಕನ್ನಡಕ್ಕೆ ಸಮುದ್ರದ ಕವಿತೆಗಳನ್ನು ತಂದುಕೊಟ್ಟರು. ದೂರ ಹೋದವನಿಗೇ ಮನೆಯ ಆಕಾರವು ಪೂರ್ತಿಯಾಗಿ ಕಾಣಿಸುವದು ಸೃಷ್ಟಿನಿಯಮವೆಂದು ತೋರುತ್ತದೆ.

ಎರಡನೆಯ ಪ್ರಶ್ನೆಯು ಕಠಿಣವಾದುದು. ಮೇಲೆ ಹೇಳಿದವರೆಲ್ಲರೂ ತಿರುಗಿ ಬಂದವರು. ಇಂದಿನವರಲ್ಲಿ ಬಹುಜನರು ಬರುವದಿಲ್ಲ. ಇದಕ್ಕೆ ಹಿರಿಯರು ಉಪಯೋಗಿಸುವ ಶಬ್ದವು “ಋಣಗೇಡಿತನ”. ಊರ ಅನ್ನ ಉಂಡು, ಸರಕಾರದ ಶಾಲೆಯಲ್ಲಿ ಪುಕ್ಕಟೆ ಕಲಿತು, ಪರದೇಶಕ್ಕೆ ಬುದ್ಧಿಯನ್ನು ಮಾರಿಕೊಂಡನೆಂದು ಅವರ ಆಕ್ಷೇಪ. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಋಣವೆಂಬ ಶಬ್ದವನ್ನು ಅದರ ಪೂರ್ಣಾರ್ಥದಲ್ಲಿ ತೆಗೆದುಕೊಂಡರೆ ಈ ಆಕ್ಷೇಪವು ನಿಲ್ಲುವದಿಲ್ಲ.

ಮನುಷ್ಯನು ಹುಟ್ಟುತ್ತಲೇ ಮೂರು ಋಣಗಳನ್ನು ಹೊತ್ತಿರುತ್ತಾನೆಂದು ತೈತ್ತಿರೀಯ ಸಂಹಿತೆಯು ಹೇಳುತ್ತದೆ: ಋಷಿಗಳದು, ದೇವತೆಗಳದು, ಪಿತೃಗಳದು. ಋಷಿಋಣವು ಬ್ರಹ್ಮಚರ್ಯದಿಂದ, ಎಂದರೆ ವಿದ್ಯಾಭ್ಯಾಸದಿಂದ ತೀರುತ್ತದೆ, ದೇವಋಣವು ಯಜ್ಞದಿಂದ, ಪಿತೃಋಣವು ಸಂತಾನದಿಂದ. ಯಜ್ಞದ ವಿಷಯ ಹಾಗಿರಲಿ. ಉಳಿದೆರಡರಲ್ಲಿ ಒಂದು ವಿಶೇಷವುಂಟು. ಕಲಿತವನು ಋಷಿಗಳಿಗೆ ಹಣವನ್ನೂ ತಿರುಗಿ ಕೊಡುವದಿಲ್ಲ, ವಿದ್ಯೆಯನ್ನೂ ತಿರುಗಿ ಕೊಡುವದಿಲ್ಲ, ಕಲಿಯುವದೇ ತೀರಿಸುವದು. ತಂದೆಯಿಂದ ಪಡೆದ ಜೀವವನ್ನು ತಂದೆಗೆ ಮರಳಿಸಲಾಗದು. ಅದು ಮಗುವಿಗೆ ಹೋಗುತ್ತದೆ. ಋಣವು ಹೀಗೆ ಮುಂದಕ್ಕೆ ಹರಿಯುವ ನೀರು. ಕೊಟ್ಟವನ ಮನೆಗೇ ಹಿಂತಿರುಗಬೇಕೆಂಬ ಕರಾರಿನದು ಸಾಲ. ಕನ್ನಡದ ಮಾತಿನಲ್ಲಿ ಎರಡೂ ಶಬ್ದಗಳಿದ್ದು, ಎರಡಕ್ಕೂ ಬೇರೆ ಬೇರೆ ಅರ್ಥವಿರುವದು ಸುದೈವವೇ ಸರಿ.

ಈ ಸೀಮೆಯಲ್ಲಿ ವಿದ್ಯಾಋಣದ ಮರ್ಮವನ್ನು ಅರಿತಿದ್ದವನೊಬ್ಬನಿದ್ದನು. ಇಂದಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ, ಶಿರಸಂಗಿಯ ದೇಸಗತಿಗೆ ದತ್ತಕನಾಗಿ ಹೋದ ಲಿಂಗರಾಜ ದೇಸಾಯಿಯು 1906ರಲ್ಲಿ ತೀರಿಕೊಳ್ಳುವ ಮೊದಲು ತನ್ನ ಆಸ್ತಿಯನ್ನು ತನ್ನ ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟನು. ಆ ಸಂಪತ್ತಿನ ಟ್ರಸ್ಟಿನಿಂದ ತಲೆತಲಾಂತರದ ವಿದ್ಯಾರ್ಥಿಗಳು ವೇತನ ಪಡೆದರು; ಬೆಳಗಾವಿಯ ಲಿಂಗರಾಜ ಕಾಲೇಜು 1933ರಿಂದ ಅವನ ಹೆಸರನ್ನು ಹೊತ್ತಿದೆ. ಯಾವ ವಿದ್ಯಾರ್ಥಿಯು ಏನನ್ನು ತಿರುಗಿ ತಂದನೆಂದು ಕೇಳಲು ಆತನು ಬದುಕಿರಲಿಲ್ಲ. ದಾನವು ಶುದ್ಧವಾಗಲಿಕ್ಕೆ ದಾತನು ಲೆಕ್ಕ ಕೇಳುವ ಸ್ಥಿತಿಯಲ್ಲಿ ಇರಬಾರದೋ ಏನೋ!

ಹಾಗಾದರೆ ಹೋದವನು ನಿಶ್ಚಿಂತನಾಗಿ ಅಲ್ಲಿಯೇ ನೆಲೆಸಬಹುದೆಂದು ತೀರ್ಮಾನವೇ? ಅಷ್ಟು ಬೇಗನೆ ಅಲ್ಲ. ಋಣವು ಮುಂದಕ್ಕೆ ಹರಿಯಬೇಕೆಂದರೆ ಅದು ಎಲ್ಲಿಯಾದರೂ ಹರಿಯಬೇಕು. ಕೇಂಬ್ರಿಜ್ಜಿನಲ್ಲಿ ಗಣಿತ ಕಲಿತ ಡಿ.ಸಿ. ಪಾವಟೆಯವರು 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು ಆ ವಿದ್ಯಾಪೀಠವನ್ನು ಕಟ್ಟಿ ನಿಲ್ಲಿಸಿದರು. ಇದು ಹರಿದ ಋಣ. ಟೊರಾಂಟೋ ನಗರದಲ್ಲಿದ್ದುಕೊಂಡು ತಾನು ಕಲಿತುದನ್ನು ಅಲ್ಲಿಯ ಯಾರದೋ ಮಗುವಿಗೆ ಕಲಿಸುವವನದೂ ಹರಿದ ಋಣವೇ. ವಿದ್ಯೆಗೆ ಗಡಿಯಿಲ್ಲವೆಂದು ಒಪ್ಪಿದ ಮೇಲೆ ಅದರ ಫಲಕ್ಕೆ ಗಡಿ ಹಾಕಲು ಬರುವದಿಲ್ಲ. ವಿದ್ಯೆಯ ಹೆಸರಿನಲ್ಲಿ ಹೋಗಿ ವಿದ್ಯೆಯನ್ನೇ ಪಡೆಯದವನಲ್ಲಿ ಮಾತ್ರ ಋಣವು ನಿಂತ ನೀರಾಗುತ್ತದೆ. ವಿಚಾರವು ಬಂದು ಮುಟ್ಟಬೇಕಾದ ಸ್ಥಳವು ಇದು.

ಮೇಲಿನ ಮನೆಯ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿ ಮಾರಾಟಕ್ಕಿರುವದು ವಾಸದ ಪರವಾನಗಿ. ಪದವಿಯು ಅದರ ಹೊದಿಕೆ. ಹುಡುಗನಿಗೂ ಇದು ಗೊತ್ತು, ದಲಾಲನಿಗೂ ಗೊತ್ತು, ಹೊರದೇಶದ ಶುಲ್ಕದಿಂದಲೇ ಖರ್ಚು ತೂಗಿಸಿಕೊಳ್ಳುವ ಅಲ್ಲಿಯ ಎಷ್ಟೋ ಕಾಲೇಜುಗಳಿಗೂ ಗೊತ್ತು. ಗೊತ್ತಿಲ್ಲದವರು ತಂದೆತಾಯಿಗಳು ಮಾತ್ರ. “ಮಗ ಕಲಿಯಲಿಕ್ಕೆ ಹೋಗತಾನ” ಎಂದು ಅವರು ಅಗಸಿಯಲ್ಲಿ ಹೇಳುತ್ತಾರೆ. ಹೊಟ್ಟೆಪಾಡಿಗಾಗಿ ದೇಶ ಬಿಡುವದರಲ್ಲಿ ಅವಮಾನವೇನೂ ಇಲ್ಲ. ಒಂದು ಮಳೆ ತಪ್ಪಿದರೆ ಬೀಜದ ಹಣವೂ ಬಾರದ ಎರೆಹೊಲದ ಮಗನು ಬೇರೆ ದಾರಿ ಹುಡುಕಿದರೆ ಅವನನ್ನು ದೂಷಿಸುವ ಅಧಿಕಾರವು ಪೇಟೆಯಲ್ಲಿ ನೆರಳಿಗೆ ಕುಳಿತವರಿಗೆ ಇಲ್ಲ. ಗದಗ ಸೀಮೆಯಿಂದ ಗೋವೆಗೂ ಮಂಗಳೂರಿಗೂ ದುಡಿಯಲು ಹೋಗುವವರು ಅದನ್ನು ದುಡಿಮೆಯೆಂದೇ ಹೇಳಿ ಹೋಗುತ್ತಾರೆ. ಅವರ ಮಾತಿನಲ್ಲಿ ವಂಚನೆಯಿಲ್ಲ. ದುಡಿಮೆಗೆ ವಿದ್ಯೆಯೆಂದು ಹೆಸರಿಟ್ಟಾಗ ಲೆಕ್ಕವು ತಪ್ಪುತ್ತದೆ. ದುಡಿಮೆಗಾಗಿ ಯಾವ ಒಕ್ಕಲಿಗನೂ ನಲವತ್ತು ಲಕ್ಷ ರೂಪಾಯಿಗಳ ಸಾಲವನ್ನು ಮಾಡಲಾರನು. ವಿದ್ಯೆಗಾಗಿ ಮಾಡುತ್ತಾನೆ. ವಿದ್ಯೆಯೆಂದರೆ ಅವನಿಗೆ ಇನ್ನೂ ದೇವರ ಸಮಾನ.

ಸಾಲದ ಸ್ವರೂಪವನ್ನು ಸ್ವಲ್ಪ ವಿವರಿಸುವದು ಅವಶ್ಯ. ಏಳೂವರೆ ಲಕ್ಷ ರೂಪಾಯಿಗಳ ಮೇಲಿನ ಶಿಕ್ಷಣಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಿರಾಸ್ತಿಯ ಆಧಾರವನ್ನು ಕೇಳುತ್ತವೆ. ಹೊಲವನ್ನು ಆಧಾರವಾಗಿ ಒಪ್ಪದ ಬ್ಯಾಂಕುಗಳು ಅನೇಕ. ಆಗ ಪೇಟೆಯಲ್ಲಿರುವ ಸಂಬಂಧಿಕರ ಮನೆಯ ಕಾಗದಪತ್ರಗಳು ಬೇಕಾಗುತ್ತವೆ. ಇಲ್ಲವೇ ಹೊಲದ ಒಂದು ತುಂಡು ಮಾರಾಟವಾಗುತ್ತದೆ. ಓದಿನ ಅವಧಿ ಮತ್ತು ಅನಂತರ ಒಂದು ವರುಷ ಕಳೆದ ಮೇಲೆ ಕಂತುಗಳು ಆರಂಭವಾಗುವದು ರೂಢಿ. ಬಡ್ಡಿಯು ಮೊದಲಿನಿಂದಲೇ ಬೆಳೆಯುತ್ತಿರುತ್ತದೆ. ಇಷ್ಟನ್ನೂ ಹೊತ್ತ ಮೇಲೆ ಹೋದವನು ನೌಕರಿಯ ವಿನಾ ಬೇರೆ ಏನನ್ನೂ ಯೋಚಿಸುವ ಸ್ವಾತಂತ್ರ್ಯವನ್ನು ಕಳೆದುಕೊಂಡಿರುತ್ತಾನೆ. ಸಹಕಾರ ಸಂಘದ ಕಲ್ಪನೆಯು ಭಾರತದಲ್ಲಿ ಮೊದಲು ಬೇರೂರಿದ ಕಣಗಿನಹಾಳವು ಇದೇ ಗದಗ ತಾಲೂಕಿನದು. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದುದು ಒಕ್ಕಲಿಗನು ತನ್ನ ಶಕ್ತಿ ಮೀರಿದ ಸಾಲದಲ್ಲಿ ಮುಳುಗಬಾರದೆಂದು. ಶಕ್ತಿ ಮೀರುವದೆಂದರೇನೆಂಬುದನ್ನು ಆ ಕಾಲದ ಹಳ್ಳಿಯು ಚೆನ್ನಾಗಿ ಬಲ್ಲುದಾಗಿತ್ತು.

ಇತ್ತ ಬಾಗಿಲುಗಳು ಕಾಯುವವರ ಇಚ್ಛೆಯಂತೆ ತೆರೆದು ಮುಚ್ಚುತ್ತವೆ. 2024ರ ಜನವರಿಯಲ್ಲಿ ಕೆನಡಾ ಸರಕಾರವು ಹೊಸ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿಯನ್ನು ಹಾಕಿ, ಆ ವರುಷದ ಸಂಖ್ಯೆಯನ್ನು ಹಿಂದಿನ ವರುಷಕ್ಕಿಂತ ನೂರಕ್ಕೆ 35ರಷ್ಟು ತಗ್ಗಿಸುವದಾಗಿ ಸಾರಿತು. ಅದೇ ತಿಂಗಳಿನಿಂದ ಬ್ರಿಟನ್ ದೇಶವು ಎಂ.ಎ., ಎಂ.ಎಸ್‌ಸಿ. ಮೊದಲಾದ ತರಗತಿಗಳ ಹೊಸ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವದನ್ನು ನಿಲ್ಲಿಸಿತು. ಆಸ್ಟ್ರೇಲಿಯವು ಆ ವರುಷದ ಜುಲೈಯಲ್ಲಿ ವಿದ್ಯಾರ್ಥಿ ವೀಸಾದ ಶುಲ್ಕವನ್ನು 710 ಡಾಲರುಗಳಿಂದ 1600ಕ್ಕೆ ಏರಿಸಿತು. ಆ ದೇಶಗಳಿಗೆ ಇದರ ಅಧಿಕಾರವಿದೆ. ತಕರಾರು ಮಾಡಿ ಫಲವಿಲ್ಲ. ಪರವಾನಗಿಗಾಗಿ ಹೋದವನಿಗೆ ಪರವಾನಗಿ ಹೋದರೆ ಎಲ್ಲವೂ ಹೋದಂತೆ. ಉಕ್ಕಿನ ಗುಣವನ್ನೋ ರೋಗದ ಮೂಲವನ್ನೋ ಅರಿಯಲು ಹೋದವನಿಗೆ ಬಾಗಿಲು ಮುಚ್ಚಿದರೂ ಅರಿತುದು ಉಳಿಯುತ್ತದೆ. ಈ ಭೇದವನ್ನು ಹುಡುಗನು ಹೊರಡುವ ಮೊದಲೇ ತನ್ನಲ್ಲಿ ತಾನು ಕೇಳಿಕೊಳ್ಳಬೇಕು.

ಇದಕ್ಕೆ ಪ್ರತಿಯಾಗಿ, ಮನೆಯ ಹತ್ತಿರ ಅವಕಾಶವಿಲ್ಲದೆಯೇ ಹುಡುಗರು ಹೋಗುತ್ತಾರಲ್ಲವೇ ಎಂದು ಯಾರಾದರೂ ಕೇಳಿದರೆ ಆ ಮಾತು ಸುಳ್ಳಲ್ಲ. ಇಲ್ಲಿ ಸೀಟು ಸಿಕ್ಕದೆ, ಖಾಸಗಿ ಕಾಲೇಜಿನ ಶುಲ್ಕವನ್ನು ಕೊಡಲಾರದೆ, ವೈದ್ಯಕೀಯ ಕಲಿಯಲು ಯುಕ್ರೇನಿಗೆ ಹೋದವರು ಉತ್ತರ ಕರ್ನಾಟಕದಲ್ಲಿ ಅನೇಕರಿದ್ದರು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಗುಂಡಿನ ಸುರಿಮಳೆಗೆ ಸಿಕ್ಕು ಅಸುನೀಗಿದ ತರುಣನು ನೆರೆಯ ಹಾವೇರಿ ಜಿಲ್ಲೆಯವನು. ಅವನ ದೇಶಾಂತರವನ್ನು ಆಯ್ಕೆಯೆನ್ನಲು ನಾಲಗೆ ಏಳುವದಿಲ್ಲ. ಹಾಗೆಯೇ, ಹೊರಗೆ ವೈದ್ಯಕೀಯ ಕಲಿತು ಬಂದವರು ಇಲ್ಲಿ ವೃತ್ತಿ ಮಾಡಬೇಕಾದರೆ ಬರೆಯಬೇಕಾದ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರು ಬಹಳ ಸಲ ಅರ್ಧಕ್ಕಿಂತ ಎಷ್ಟೋ ಕಡಿಮೆ. ಇದನ್ನು ಹೋಗುವ ಮೊದಲು ಆ ಮನೆಗಳಿಗೆ ಯಾರೂ ಬಿಡಿಸಿ ಹೇಳುವದಿಲ್ಲ. ಹೇಳಬೇಕಾದವನು ಕಮಿಶನ್ನಿನ ಮೇಲೆ ಬದುಕುವವನು.

ಅಂತರರಾಷ್ಟ್ರೀಯ ಶಾಲೆಯ ಮಗುವಾದರೂ ಸ್ವತಂತ್ರವಾಗಿ ಆರಿಸಿಕೊಳ್ಳುತ್ತದೆಯೇ? ಮೇಲ್ನೋಟಕ್ಕೆ ಹೌದು. ಅದಕ್ಕೆ ಸಾಲದ ಹೊರೆಯಿಲ್ಲ. ಹತ್ತು ವಿದ್ಯಾಪೀಠಗಳಲ್ಲಿ ಆರು ಕರೆದರೂ ಕರೆಯಬಹುದು. ಆದರೆ ಮೊದಲಿನಿಂದಲೂ ಎಲ್ಲಿಯೂ ಬೇರೂರದಂತೆ ಬೆಳೆಯಿಸಲ್ಪಟ್ಟ ಮಗುವಿಗೆ ಒಂದು ಊರಿಗೂ ಇನ್ನೊಂದಕ್ಕೂ ಇರುವ ಅಂತರವು ಶುಲ್ಕ, ಹವೆ, ಹೆಸರುಗಳ ಅಂತರವಷ್ಟೆ. ದೇಶಾಂತರವೆಂಬುದು ದೇಶವೊಂದು ಇದ್ದವನಿಗೆ ಸಂಭವಿಸುವ ಸಂಗತಿ. ಹುಯಿಲಗೋಳರಿಗೆ ಪುಣೆಯು ಪರಸ್ಥಳವಾಗಿ ಕಂಡದ್ದರಿಂದಲೇ ಗದಗವು ಸ್ವಸ್ಥಳವಾಗಿ ಕಂಡಿತು. ಈ ಒಂದು ವಿಷಯದಲ್ಲಿ ಹಿರೇಹಂದಿಗೋಳದ ಹುಡುಗನು ಬೆಂಗಳೂರಿನ ಹುಡುಗನಿಗಿಂತ ಶ್ರೀಮಂತನು. ಆ ಶ್ರೀಮಂತಿಕೆಯನ್ನು ಅವನು ಬರಬರುತ್ತ ಕೊರತೆಯೆಂದು ಎಣಿಸಲು ಕಲಿಯುತ್ತಿರುವದೇ ಶೋಚನೀಯ.

ಉಳಿದುದು ಮಗಳ ಮಾತು. ಇಂಥ ಚರ್ಚೆಗಳಲ್ಲಿ ಅವಳ ಹೆಸರು ಬರುವದು ಬಹಳ ಅಪರೂಪ. ಹೊಲದ ತುಂಡು ಮಾರಾಟವಾದಾಗ ಅದರಲ್ಲಿ ಅವಳ ಪಾಲೂ ಹೋಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಾದ ತಿದ್ದುಪಡಿಯ ಮೇಲೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಹಕ್ಕು ಕಾಗದದಲ್ಲಿದೆ, ಪಡಸಾಲೆಯಲ್ಲಿ ಅವಳನ್ನು ಕೇಳುವದಿಲ್ಲ. ಅವಳಿಗೆ ಧಾರವಾಡದಲ್ಲಿ ಎಂ.ಎಸ್‌ಸಿ. ಓದುವ ಮನಸ್ಸಿದೆಯೆಂದು ಇಟ್ಟುಕೊಂಡರೆ, ಅದರ ಖರ್ಚು ಅಣ್ಣನ ವಿಮಾನದ ಹಾಗೂ ಮೊದಲ ಚಳಿಗಾಲದ ಬಟ್ಟೆಬರೆಯ ಖರ್ಚಿನಲ್ಲಿಯೇ ಸಾಗಬಹುದು. ಆದರೂ “ಅಣ್ಣ ನೆಲೆಯಾದ ಮೇಲೆ ನೋಡೋಣ” ಎಂಬ ಒಂದು ಮಾತಿನಲ್ಲಿ ಅವಳ ವಿಚಾರವು ಮುಗಿದುಹೋಗುತ್ತದೆ. ಅಣ್ಣನು ನೆಲೆಯಾಗುವ ಹೊತ್ತಿಗೆ ಅವಳು ಬೇರೆ ಮನೆಯ ಸೊಸೆ. ಋಣವು ಊರಿಗಿದೆಯೋ ದೇಶಕ್ಕಿದೆಯೋ ಎಂಬ ವಾದಗಳಲ್ಲಿ ಹಿರಿಯರೂ ಕಿರಿಯರೂ ದಣಿಯುತ್ತಾರೆ. ತಂಗಿಯ ಋಣವನ್ನು ಎಣಿಸುವವರು ಕಡಿಮೆ. ಆದರೆ ಇದೊಂದು ಮಾತ್ರ ನಿಜವಾಗಿ ಸಾಲದ ಸ್ವರೂಪದ್ದು: ಒಬ್ಬಳಿಂದ ತೆಗೆದುಕೊಂಡುದು, ಅವಳಿಗೇ ತಿರುಗಿಸಬೇಕಾದುದು, ಅದೂ ಹೊತ್ತು ಮೀರದೊಳಗೆ.

ಆದುದರಿಂದ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ದೇಶಗಳ ಪಟ್ಟಿಯಿಂದ ಆರಂಭಿಸುವದು ತಲೆಕೆಳಗಿನ ಕ್ರಮ. ಏನನ್ನು ಅರಿಯಬೇಕೆಂಬುದು ಮೊದಲು. ಅದನ್ನು ಅರಿತವರು ಎಲ್ಲಿದ್ದಾರೆಂಬುದು ಅನಂತರ. ಅದಕ್ಕೆ ತಗಲುವ ವೆಚ್ಚವನ್ನು ಹೊರುವವರು ಯಾರು ಯಾರು, ಅವರು ತಿಳಿದು ಒಪ್ಪಿದ್ದಾರೆಯೇ ಎಂಬುದು ಆಮೇಲೆ. ದೇಶದ ಹೆಸರು ಕಡೆಗೆ ತಾನಾಗಿ ಬರುತ್ತದೆ. ಅದು ಜರ್ಮನಿಯಾಗಬಹುದು, ಅಲ್ಲಿಯ ಬಹುತೇಕ ಸರಕಾರೀ ವಿದ್ಯಾಪೀಠಗಳಲ್ಲಿ ಬೋಧನಾಶುಲ್ಕವಿಲ್ಲವೆಂಬುದು ದಲಾಲರ ಪಟ್ಟಿಯಲ್ಲಿ ಏಕೋ ಯಾವಾಗಲೂ ಕೆಳಗಿರುತ್ತದೆ. ಅದು 2016ರಲ್ಲಿ ಧಾರವಾಡದಲ್ಲಿ ಆರಂಭವಾದ ಐ.ಐ.ಟಿ.ಯೂ ಆಗಬಹುದು. ಗದಗಿನಲ್ಲಿಯೇ 2015ರಿಂದ ಸರಕಾರದ ವೈದ್ಯಕೀಯ ಕಾಲೇಜೂ 2016ರಿಂದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವೂ ಇವೆ. ಮುಂಬಯಿಯಲ್ಲಿ 1949ರಲ್ಲಿ ಸ್ಥಾಪಿತವಾಗಿ ಮರುವರುಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ಹಿರೇಹಂದಿಗೋಳದ ಮನೆಯಿಂದ ಅರ್ಧ ದಿನದ ದಾರಿಯೂ ಅಲ್ಲ.

ಆ ಮನೆಯಲ್ಲಿ ಈ ವಿಷಯವು ಇನ್ನೂ ತೀರ್ಮಾನವಾಗಿಲ್ಲವೆಂದು ಇಟ್ಟುಕೊಳ್ಳಬೇಕು. ಹೆಸರಿನ ಬೆಳೆಗೆ ಎಡೆ ಹೊಡೆಯುವ ದಿನಗಳು. ಅಣ್ಣನ ಸಾಲದ ಕಾಗದಕ್ಕೆ ರುಜು ಬೀಳಬೇಕಾದುದೂ ತಂಗಿಯ ಅರ್ಜಿಯು ಧಾರವಾಡವನ್ನು ಮುಟ್ಟಬೇಕಾದುದೂ ಹೆಚ್ಚು ಕಡಿಮೆ ಅದೇ ಹದಿನೈದು ದಿನಗಳೊಳಗೆ.